ಸಿನಿಮಾ ನೋಡುತ್ತಾ ಮಗ ಆಡಿದ ಒಂದು ಮಾತು ನಿದ್ದೆ ಕೆಡಿಸಿದೆ, ಏನು ಮಾಡಲಿ?

ಪ್ರಶ್ನೆ: ನಾನು ಮದ್ದೂರು ತಾಲ್ಲೂಕಿನ ಗೃಹಿಣಿ, ವಯಸ್ಸು 51. ಮಗನಿಗೆ 24 ವರ್ಷ. ಎಂಜಿನಿಯರಿಂಗ್ ಮುಗಿಸಿ ಎರಡೂವರೆ ವರ್ಷದಿಂದ ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ, ಪಿ.ಜಿ.ಯಲ್ಲಿರುತ್ತಾನೆ. ಸಂಕ್ರಾಂತಿಗೆ ಬಂದಿದ್ದಾಗ ಮನೆಯವರೆಲ್ಲ ಕೂತು ಟಿ.ವಿ.ಯಲ್ಲಿ ಒಂದು ಸಿನಿಮಾ ನೋಡಿದೆವು. ಹಳ್ಳಿಯ ಹುಡುಗ ಬೆಂಗಳೂರಿಗೆ ಹೋಗಿ, ಪಬ್ಬಿನಲ್ಲಿ ಗೆಳೆಯರು ಕೊಟ್ಟದ್ದನ್ನು ಒಂದೇ ಒಂದು ಸಲ ಸೇದಿ, ಅಲ್ಲಿಂದ ಮಾತ್ರೆ, ಪುಡಿ ಎಂದು ಬೀದಿಪಾಲಾಗುವ ಕಥೆ. ಕೊನೆಗೆ ಅಣ್ಣ ಅವನನ್ನು ಮೂರು ದಿನ ಕೋಣೆಯಲ್ಲಿ ಕೂಡಿಹಾಕಿ ಸರಿಮಾಡುತ್ತಾನೆ. ಇಂಥ ಸಿನಿಮಾ ನೋಡಿಯೇ ಹುಡುಗರು ಕೆಡುವುದು, ಇದನ್ನು ನಿಷೇಧಿಸಬೇಕು ಎಂದರು ಯಜಮಾನರು. ಇರುವುದನ್ನೇ ತೋರಿಸಿದ್ದಾರೆ, ಎಲ್ಲ ತಂದೆತಾಯಿ ನೋಡಬೇಕು ಎಂದಳು ಮೈಸೂರಿನಲ್ಲಿ ಓದುವ ಮಗಳು. ಇದೆಲ್ಲ ದುಡ್ಡಿರುವವರ ಮನೆಯ ಕಥೆ, ನಮ್ಮ ಕಡೆ ಇಲ್ಲ ಎಂದ ಮೈದುನ. ಮಗ ಮಾತ್ರ ಅರ್ಧಕ್ಕೇ ಎದ್ದು, "ಹಾಗೇನೂ ಇರಲ್ಲ, ಇವರಿಗೇನು ಗೊತ್ತು" ಎಂದು ಹೊರಗೆ ಹೋದ. ಆ ಮಾತು ನನ್ನ ಎದೆಯಲ್ಲಿ ಕೂತುಬಿಟ್ಟಿದೆ. ಮಾರನೆಯ ದಿನ ಒಗೆಯಲು ತೆಗೆದ ಅವನ ಪ್ಯಾಂಟಿನ ಜೇಬಿನಲ್ಲಿ ಸಿಗರೇಟು ಸುತ್ತುವಂಥ ತೆಳು ಕಾಗದದ ಸಣ್ಣ ಪಟ್ಟಿ ಸಿಕ್ಕಿತು. ವಿಷಯ ತಿಳಿದ ಮೇಲೆ ಯಜಮಾನರು ಕೆಲಸ ಬಿಡಿಸಿ ಕರೆತರುತ್ತೇನೆ ಎನ್ನುತ್ತಿದ್ದಾರೆ. ಮೈದುನನಿಗೆ ಒಂದು ಕೇಂದ್ರ ಗೊತ್ತಂತೆ, ಅವರೇ ಬಂದು ಎತ್ತಿಕೊಂಡು ಹೋಗುತ್ತಾರಂತೆ. ಪಕ್ಕದ ಮನೆಯವರು ಕಾಫಿಯಲ್ಲಿ ಬೆರೆಸುವ ಪುಡಿ ತಂದುಕೊಟ್ಟಿದ್ದಾರೆ. ಎರಡು ವಾರದಿಂದ ನನಗೆ ನಿದ್ದೆಯಿಲ್ಲ. ಸಿನಿಮಾದಲ್ಲಿ ತೋರಿಸಿದ್ದು ನಿಜವೇ? ನಾನು ಏನು ಮಾಡಬೇಕು?

ಉತ್ತರ: ಮೊದಲು ಒಂದು ಕೆಲಸ ಮಾಡಿ ತಾಯಿ, ಆ ಪುಡಿಯನ್ನು ಯಾರಿಗೂ ಕೊಡದೆ ಪಕ್ಕಕ್ಕೆ ಇಡಿ. ಕಾರಣವನ್ನು ಮುಂದೆ ಹೇಳುತ್ತೇನೆ. ಸಿನಿಮಾದ ಹೆಸರನ್ನು ನಿಮ್ಮ ಪತ್ರದಿಂದ ತೆಗೆದಿದ್ದೇನೆ, ಏಕೆಂದರೆ ಇದೇ ಬಗೆಯ ಕಥೆಗಳು ವರ್ಷ ವರ್ಷವೂ ಬರುತ್ತವೆ ಮತ್ತು ಪ್ರತಿ ಸಲವೂ ಮೈಸೂರಿನ ನನ್ನ ಹೊರರೋಗಿ ವಿಭಾಗಕ್ಕೆ ನಿಮ್ಮಂಥ ತಂದೆತಾಯಂದಿರು ಬರುತ್ತಾರೆ. ಅವರು ಸಿನಿಮಾದ ಬಗ್ಗೆ ಮಾತು ಆರಂಭಿಸುತ್ತಾರೆ, ಐದು ನಿಮಿಷದೊಳಗೆ ಮಗನ ಬಗ್ಗೆ ಮಾತನಾಡುತ್ತಿರುತ್ತಾರೆ. ನಿಮ್ಮ ಮನೆಯಲ್ಲಿ ನಡೆದದ್ದೂ ಅದೇ ಎಂದು ನನಗನಿಸುತ್ತದೆ. ಯಜಮಾನರು ಹೇಳಿದ್ದು ಅವರ ಭಯ, ಮೈದುನ ಹೇಳಿದ್ದು ಅವರ ಸಮಾಧಾನ. ಸಿನಿಮಾವನ್ನು ಸಿನಿಮಾವಾಗಿ ನೋಡಿ ಮಾತನಾಡಿದವನು ಬಹುಶಃ ನಿಮ್ಮ ಮಗನೊಬ್ಬನೇ.

ಯಜಮಾನರ ಮಾತಿನಲ್ಲಿ ಒಂದು ಪಾಲು ನಿಜವಿದೆ. ಪರದೆಯ ಮೇಲೆ ಧೂಮಪಾನವನ್ನು ಹೆಚ್ಚು ನೋಡುವ ಹದಿಹರೆಯದವರು ಸಿಗರೇಟು ಶುರುಮಾಡುವ ಸಾಧ್ಯತೆ ಹೆಚ್ಚು ಎಂಬುದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಮೆರಿಕ ಸರ್ಕಾರದ ಉನ್ನತ ಆರೋಗ್ಯಾಧಿಕಾರಿಯಾದ ಸರ್ಜನ್ ಜನರಲ್ ಅವರ 2012ರ ವರದಿ ಇದನ್ನು ಕಾರ್ಯಕಾರಣ ಸಂಬಂಧ ಎಂದೇ ಒಪ್ಪಿಕೊಂಡಿತು. ನಮ್ಮಲ್ಲಿ 2012ರ ಅಕ್ಟೋಬರ್‌ನಿಂದ ಚಿತ್ರಮಂದಿರಗಳಲ್ಲಿ, 2023ರ ಸೆಪ್ಟೆಂಬರ್‌ನಿಂದ ಓ.ಟಿ.ಟಿ. ವೇದಿಕೆಗಳಲ್ಲಿ ತಂಬಾಕಿನ ದೃಶ್ಯಗಳಿಗೆ ಎಚ್ಚರಿಕೆಯ ಸಾಲು ಬರುವುದು ಈ ಕಾಳಜಿಯಿಂದಲೇ. ಮಾದಕ ವಸ್ತುವಿನ ಚಟವನ್ನು ಪ್ರೋತ್ಸಾಹಿಸುವ, ಆಕರ್ಷಕವಾಗಿ ತೋರಿಸುವ ದೃಶ್ಯಗಳು ಇರಬಾರದೆಂದು ಚಲನಚಿತ್ರ ಪ್ರಮಾಣೀಕರಣದ ಮಾರ್ಗಸೂಚಿಯೂ ಹೇಳುತ್ತದೆ. ಆದರೆ ಸಿನಿಮಾದ ಪ್ರಭಾವ ಎಲ್ಲ ನೋಡುಗರ ಮೇಲೂ ಒಂದೇ ರೀತಿ ಆಗುವುದಿಲ್ಲ, ನಿಮ್ಮ ಮನೆಯ ಜಗಳಕ್ಕೆ ಉತ್ತರ ಇರುವುದೂ ಅಲ್ಲಿಯೇ.

ಇನ್ನೂ ಏನನ್ನೂ ಮುಟ್ಟದ ಹದಿನೈದು ಹದಿನಾರರ ಹುಡುಗನಿಗೆ ಕೊನೆಯ ಅರ್ಧ ಗಂಟೆಯ ದುರಂತಕ್ಕಿಂತ ಮೊದಲ ಅರ್ಧ ಗಂಟೆಯ ಬಣ್ಣದ ಬೆಳಕು, ಸಂಗೀತ, ಗೆಳೆಯರ ಗುಂಪು ಹೆಚ್ಚು ನೆನಪಿರಬಹುದು. ಈಗಾಗಲೇ ಅಷ್ಟಿಷ್ಟು ಬಳಸುತ್ತಿರುವವನು ಆ ಬೀದಿಪಾಲಾದ ನಾಯಕನನ್ನು ನೋಡಿ, "ನಾನು ಹಾಗಿಲ್ಲವಲ್ಲ, ಕೆಲಸಕ್ಕೆ ಹೋಗುತ್ತಿದ್ದೇನಲ್ಲ" ಎಂದು ನೆಮ್ಮದಿಪಡುತ್ತಾನೆ. ಚಟವನ್ನು ಬಿಟ್ಟು ಕೆಲವೇ ತಿಂಗಳಾದವನ ಪಾಡು ಇವೆರಡಕ್ಕಿಂತ ಬೇರೆ. ಬ್ರೌನ್ ಶುಗರ್ ಎಂಬ ಕಲಬೆರಕೆ ಹೆರಾಯಿನ್ ಬಿಟ್ಟು ನಾಲ್ಕು ತಿಂಗಳಾಗಿದ್ದ ಒಬ್ಬ ಯುವಕ ಇಂಥದೇ ಒಂದು ಸಿನಿಮಾ ನೋಡಿ ಮಾರನೆಯ ಬೆಳಿಗ್ಗೆಯೇ ನನ್ನ ಬಳಿಗೆ ಬಂದಿದ್ದ. ನಾಯಕ ಸಾಯುವ ದೃಶ್ಯ ಅವನನ್ನು ಅಲುಗಾಡಿಸಿರಲಿಲ್ಲ. ಕತ್ತಲಲ್ಲಿ ಲೈಟರ್ ಹೊತ್ತಿಸಿದ ಸದ್ದಿಗೆ ಬಾಯಲ್ಲಿ ನೀರೂರಿ ಅಂಗೈ ಬೆವೆತಿತ್ತು. ಹೇಳುವಾಗಲೂ ಆತ ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ. ಎಚ್ಚರಿಸಲೆಂದೇ ತೆಗೆದ ಚಿತ್ರವೂ ಅಂಥವರಲ್ಲಿ ಹಂಬಲವನ್ನು ಕೆರಳಿಸಬಲ್ಲದು. ಹಾಗಾಗಿ ಎಲ್ಲರೂ ನೋಡಬೇಕು ಎಂಬ ನಿಮ್ಮ ಮಗಳ ಮಾತಿಗೂ, ಯಾರೂ ನೋಡಬಾರದು ಎಂಬ ಯಜಮಾನರ ಮಾತಿಗೂ ನಾನು ಪೂರ್ತಿ ಒಪ್ಪಿಗೆ ಕೊಡಲಾರೆ.

ಮೈದುನರ ಮಾತನ್ನು ಮಾತ್ರ ನೇರವಾಗಿ ಅಲ್ಲಗಳೆಯಬೇಕಾಗಿದೆ. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ 10ರಿಂದ 75 ವರ್ಷದೊಳಗಿನ ಭಾರತೀಯರಲ್ಲಿ 14.6% ಮಂದಿ ಮದ್ಯವನ್ನೂ, 2.8% ಮಂದಿ ಭಂಗಿ, ಗಾಂಜಾದಂಥ ಪದಾರ್ಥಗಳನ್ನೂ ಬಳಸುತ್ತಾರೆ. ನನ್ನ ಕೊಠಡಿಯ ಮುಂದಿನ ಬೆಂಚಿನಲ್ಲಿ ಕೂರುವವರಲ್ಲಿ ಪಬ್ಬಿನಿಂದ ಬಂದವರು ಬೆರಳೆಣಿಕೆಯಷ್ಟು. ಉಳಿದವರು ಕಬ್ಬಿನ ಗದ್ದೆಯವರು, ಗಾರೆ ಕೆಲಸದವರು, ಚಾಲಕರು, ನಿವೃತ್ತ ನೌಕರರು. ಕರ್ನಾಟಕದಲ್ಲಿ ಸಾರಾಯಿ 2007ರ ಜುಲೈನಲ್ಲಿ ನಿಂತಿತು, ಕುಡಿತ ನಿಲ್ಲಲಿಲ್ಲ. ಬೆಳಿಗ್ಗೆ ಆರಕ್ಕೆ ಮದ್ಯದ ಪ್ಯಾಕೆಟ್ ಹರಿದರೆ ಮಾತ್ರ ಕೈ ನಡುಕ ನಿಲ್ಲುವ ಗಂಡಸರು ನಮ್ಮ ಹಳ್ಳಿಗಳಲ್ಲಿ ಎಷ್ಟಿದ್ದಾರೆಂಬುದು ಅವರ ಹೆಂಡಂದಿರಿಗೆ ಗೊತ್ತು. ಅವರ ಮೇಲೆ ಯಾರೂ ಸಿನಿಮಾ ತೆಗೆಯುವುದಿಲ್ಲ, ಅಲ್ಲಿ ಬಣ್ಣದ ಬೆಳಕಿಲ್ಲವಲ್ಲ.

ಇನ್ನು ಕಥೆಯ ನಿಜ ಸುಳ್ಳು. ಒಂದೇ ಒಂದು ಸಲ ಸೇದಿದವನು ವ್ಯಸನಿಯಾಗಿಯೇ ತೀರುತ್ತಾನೆ ಎಂಬುದು ತಪ್ಪು. ಅಮೆರಿಕದಲ್ಲಿ ನಡೆದು 1994ರಲ್ಲಿ ಪ್ರಕಟವಾದ, ಇಂದಿಗೂ ನಾವೆಲ್ಲ ಉಲ್ಲೇಖಿಸುವ ಒಂದು ದೊಡ್ಡ ಅಧ್ಯಯನದಲ್ಲಿ, ಒಮ್ಮೆಯಾದರೂ ಬಳಸಿದವರ ಪೈಕಿ ಮುಂದೆ ಅವಲಂಬನೆಗೆ ಬಿದ್ದವರು ಗಾಂಜಾದಲ್ಲಿ ಸುಮಾರು 9%, ಮದ್ಯದಲ್ಲಿ 15%, ಕೊಕೇನ್‌ನಲ್ಲಿ 17%, ಹೆರಾಯಿನ್‌ನಲ್ಲಿ 23%. ಎಲ್ಲಕ್ಕಿಂತ ಹೆಚ್ಚಿನ ಪ್ರಮಾಣ, 32%, ತಂಬಾಕಿನದು. ಈ ಅಂಕಿಗಳನ್ನು ಧೈರ್ಯಕ್ಕಾಗಿ ಹೇಳುತ್ತಿಲ್ಲ. ಹತ್ತರಲ್ಲಿ ಒಬ್ಬ ಯಾರು ಎಂಬುದು ಮೊದಲೇ ಯಾರಿಗೂ ತಿಳಿಯುವುದಿಲ್ಲ, ಎಳೆಯ ವಯಸ್ಸಿನಲ್ಲಿ ಶುರುಮಾಡಿದವರಿಗೆ ಅಪಾಯ ಹೆಚ್ಚು. ಗಾಂಜಾದ ವಿಷಯದಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ ಇನ್ನೊಂದಿದೆ: ತಂದೆಯ ಕಡೆಯಲ್ಲಾಗಲಿ ತಾಯಿಯ ಕಡೆಯಲ್ಲಾಗಲಿ ಯಾರಿಗಾದರೂ ತಮ್ಮಷ್ಟಕ್ಕೆ ಮಾತನಾಡುವ, ಇಲ್ಲದ ಧ್ವನಿ ಕೇಳುವ, ಎಲ್ಲರ ಮೇಲೂ ಅನುಮಾನಪಡುವಂಥ ಕಾಯಿಲೆ ಇತ್ತೇ? ಇದ್ದರೆ ಅಂಥ ಮನೆಯ ಮಕ್ಕಳಿಗೆ ಗಾಂಜಾ ಉಳಿದವರಿಗಿಂತ ಹೆಚ್ಚು ಅಪಾಯಕಾರಿ, ಈ ಮಾತನ್ನು ಮಗನಿಗೆ ಮುಚ್ಚುಮರೆಯಿಲ್ಲದೆ ತಿಳಿಸಬೇಕು.

ವ್ಯಸನ ಬೆಳೆಯುವುದು ನಿಧಾನವಾಗಿ. ಸಿನಿಮಾಕ್ಕೆ ಎರಡೂವರೆ ಗಂಟೆಯಷ್ಟೇ ಇರುವುದರಿಂದ ಮೊದಲ ರಾತ್ರಿಯನ್ನೂ ಕೊನೆಯ ಬೀದಿಯನ್ನೂ ತೋರಿಸಿ ನಡುವಿನ ವರ್ಷಗಳನ್ನು ಒಂದು ಹಾಡಿನಲ್ಲಿ ಮುಗಿಸುತ್ತಾರೆ. ಚಿಕಿತ್ಸೆಗೆ ಸುಲಭವಾಗಿ ಒದಗುವ ಕಾಲ ಆ ನಡುವಿನದೇ. ನನ್ನ ಬಳಿ ಬಂದಿದ್ದ ನಿಮ್ಮ ಕಡೆಯ ಹುಡುಗನೊಬ್ಬನ ಕಥೆಯನ್ನು, ಗುರುತು ಸಿಗದಂತೆ ಬದಲಿಸಿ ಹೇಳುತ್ತೇನೆ. ಕನ್ನಡ ಮಾಧ್ಯಮದಲ್ಲಿ ಓದಿದವನು, ಕಚೇರಿಯ ಸಭೆಗಳಲ್ಲಿ ಇಂಗ್ಲಿಷ್ ಬಾಯಿಗೆ ಬರದೆ ಒದ್ದಾಡುತ್ತಿದ್ದ. ಒಂದು ಶುಕ್ರವಾರ ತಂಡದವರು ಇಂದಿರಾನಗರದ ಕಡೆಗೆ ಕರೆದೊಯ್ದರು, ಎರಡು ಗ್ಲಾಸ್ ಬಿಯರ್ ಒಳಗೆ ಹೋದ ಮೇಲೆ ಅವನು ಮೊದಲ ಸಲ ಎಲ್ಲರನ್ನೂ ನಗಿಸಿದ. ಅವನನ್ನು ಹಿಡಿದದ್ದು ಮದ್ಯದ ರುಚಿಯಲ್ಲ, ಆ ಎರಡು ಗಂಟೆ ತಾನು ಬೇರೆಯವನಾಗಿದ್ದ ಅನುಭವ. ಆಮೇಲೆ ಶನಿವಾರವೂ ಸೇರಿತು. ರಾತ್ರಿ ಪಾಳಿಯಿಂದ ನಿದ್ದೆ ಕೆಟ್ಟಾಗ ನಿದ್ದೆಗೆಂದು ಗಾಂಜಾ, ಪಾರ್ಟಿಯಲ್ಲಿ ಎಚ್ಚರವಾಗಿರಲು ಯಾರೋ ಕೊಟ್ಟ ಮಾತ್ರೆ. ಒಂದೂವರೆ ವರ್ಷದ ಮೇಲೆ ಅವನು ನನ್ನ ಎದುರು ಕೂತಾಗ, ಕೊಟ್ಟ ನೀರಿನ ಸ್ಟೀಲ್ ಲೋಟವನ್ನು ಎರಡೂ ಕೈಯಲ್ಲಿ ಹಿಡಿದಿದ್ದ, ಆದರೂ ಲೋಟದ ಅಂಚು ಹಲ್ಲಿಗೆ ತಾಗಿ ಸಣ್ಣಗೆ ಸದ್ದಾಗುತ್ತಿತ್ತು. ಅಷ್ಟರಲ್ಲೂ ಅವನ ಕೆಲಸ ಹೋಗಿರಲಿಲ್ಲ, ಮನೆಗೆ ತಿಂಗಳ ಹಣ ತಪ್ಪಿರಲಿಲ್ಲ.

ಇದರ ಹಿಂದಿನ ಶರೀರಧರ್ಮವನ್ನು ಸರಳವಾಗಿ ಹೇಳುವುದಾದರೆ, ಮಿದುಳಿನಲ್ಲಿ ಡೋಪಮಿನ್ ಎಂಬ ರಾಸಾಯನಿಕ, ಯಾವುದು ಬೇಕು, ಯಾವುದನ್ನು ಮತ್ತೆ ಮಾಡಬೇಕು ಎಂಬುದನ್ನು ಕಲಿಸುತ್ತದೆ. ಮಾದಕ ವಸ್ತುಗಳು ಅದನ್ನು ಸಹಜಕ್ಕಿಂತ ಹೆಚ್ಚು ಹರಿಸಿ, ಆ ಜಾಗ, ಆ ಹೊತ್ತು, ಆ ಗೆಳೆಯರು, ಆ ಸದ್ದು ಎಲ್ಲವನ್ನೂ ಹಂಬಲಕ್ಕೆ ಗಂಟುಹಾಕುತ್ತವೆ. ಬರಬರುತ್ತಾ ಅಷ್ಟೇ ಅಮಲಿಗೆ ಹೆಚ್ಚು ಬೇಕಾಗುತ್ತದೆ, ಊಟ, ಹಾಡು, ಹಬ್ಬ ಮೊದಲಿನಷ್ಟು ಹಿಡಿಸುವುದಿಲ್ಲ. ತಡೆದು ಯೋಚಿಸುವ ಮುಂಭಾಗದ ಮಿದುಳು ಬಲಿಯುವುದು ಸುಮಾರು 25ರ ವಯಸ್ಸಿಗೆ. ಇದರ ಅರ್ಥ ಹುಡುಗನಿಗೆ ಹೊಣೆಯೇ ಇಲ್ಲ ಎಂದಲ್ಲ. ಬೈದು, ಆಣೆ ಮಾಡಿಸಿ ಮುಗಿಸುವ ಸಂಗತಿ ಇದಲ್ಲ ಎಂದಷ್ಟೇ.

ಮೂರು ದಿನ ಕೋಣೆಯಲ್ಲಿ ಕೂಡಿಹಾಕುವ ದೃಶ್ಯದ ಬಗ್ಗೆ ನನಗೆ ನಿಜವಾಗಿಯೂ ಸಿಟ್ಟಿದೆ, ಏಕೆಂದರೆ ಅದನ್ನು ಮನೆಯಲ್ಲಿ ಮಾಡಿನೋಡಿದವರನ್ನು ನಾನು ತುರ್ತು ಚಿಕಿತ್ಸಾ ವಿಭಾಗದಲ್ಲಿ ಕಂಡಿದ್ದೇನೆ. ದಿನವೂ ಹೆಚ್ಚು ಕುಡಿಯುವವನು ಥಟ್ಟನೆ ನಿಲ್ಲಿಸಿದರೆ ಮೊದಲ ದಿನವೇ ನಡುಕ, ಬೆವರು ಶುರುವಾಗುತ್ತದೆ. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನದ ಹೊತ್ತಿಗೆ ಕೆಲವರಿಗೆ ದಿಕ್ಕುದೆಸೆ ತಪ್ಪಿ, ಗೋಡೆಯ ಮೇಲೆ ಹುಳ ಹರಿದಂತೆ ಕಾಣುವ ಸನ್ನಿ ಹಿಡಿಯುತ್ತದೆ, ಚಿಕಿತ್ಸೆ ಸಿಗದಿದ್ದರೆ ಅದು ಪ್ರಾಣಕ್ಕೇ ಎರವಾಗಬಹುದು. ಅಂಥವರಿಗೆ ವೈದ್ಯರ ನಿಗಾದಲ್ಲಿ ಮಾತ್ರೆಗಳನ್ನು ಕೊಟ್ಟು ಹಂತಹಂತವಾಗಿ ಇಳಿಸಬೇಕು, ಥಯಮಿನ್ ಎಂಬ ಬಿ1 ಜೀವಸತ್ವದ ಚುಚ್ಚುಮದ್ದು ಕೊಡಬೇಕು. ಗಾಂಜಾ ನಿಲ್ಲಿಸಿದಾಗ ಹೀಗೆಲ್ಲ ಆಗುವುದಿಲ್ಲ. ಸಿಡುಕು, ನಿದ್ದೆಗೇಡು, ವಿಚಿತ್ರ ಕನಸು, ಹಸಿವಿಲ್ಲದಿರುವುದು ಒಂದೆರಡು ವಾರ ಕಾಡುತ್ತವೆ. ಹೆರಾಯಿನ್‌ನಂಥವುಗಳಲ್ಲಿ ಅಪಾಯ ಬಿಟ್ಟ ಮೇಲೆ ಕಾದಿರುತ್ತದೆ: ಕೆಲವು ವಾರ ಬಿಟ್ಟವನ ದೇಹಕ್ಕೆ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಹೋಗಿರುತ್ತದೆ, ಮತ್ತೆ ಅಷ್ಟೇ ತೆಗೆದುಕೊಂಡರೆ ಉಸಿರು ನಿಲ್ಲಬಹುದು. ಇನ್ನು ಪಾರ್ಟಿಯ ಮಾತ್ರೆಗಳ ಒಳಗೆ ಏನಿದೆಯೆಂದು ಮಾರುವವನಿಗೇ ತಿಳಿದಿರುವುದಿಲ್ಲ. ಎಂ.ಡಿ.ಎಂ.ಎ. ಎಂಬ ಪಾರ್ಟಿ ಮಾದಕವನ್ನು ತೆಗೆದುಕೊಂಡು ಗಂಟೆಗಟ್ಟಲೆ ಕುಣಿದವರ ಮೈ ಬಿಸಿ ಅಪಾಯದ ಮಟ್ಟಕ್ಕೆ ಏರಬಹುದು.

ಪುಡಿಯ ವಿಷಯಕ್ಕೆ ಬರುತ್ತೇನೆ. ಗುಟ್ಟಾಗಿ ಬೆರೆಸುವ ಇಂಥ ಹೆಸರಿಲ್ಲದ ಪುಡಿಗಳಲ್ಲಿ ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಎಂಬ ಔಷಧ ಇರುವ ಸಾಧ್ಯತೆಯನ್ನು ನಾವು ಯಾವಾಗಲೂ ಗಮನದಲ್ಲಿಟ್ಟುಕೊಳ್ಳುತ್ತೇವೆ. ಅದು ಒಳ್ಳೆಯ ಔಷಧವೇ, ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು, ಪರೀಕ್ಷೆ ಮಾಡಿಸಿ ನಾನೂ ಬರೆದುಕೊಡುತ್ತೇನೆ. ತಿಳಿಯದವನು ಅದರ ಮೇಲೆ ಮದ್ಯ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ರಕ್ತದೊತ್ತಡ ಕುಸಿದು ಸಾಯಲೂಬಹುದು. ಗಂಡನ ಸಾರಿಗೆ ಪುಡಿ ಹಾಕಿದ್ದ ಹೆಣ್ಣುಮಗಳೊಬ್ಬಳು ಐ.ಸಿ.ಯು. ಬಾಗಿಲಲ್ಲಿ ಸೆರಗಿನ ತುದಿಗೆ ಕಟ್ಟಿಕೊಂಡಿದ್ದ ಆ ಪೊಟ್ಟಣವನ್ನು ಬಿಚ್ಚಿ ನನಗೆ ತೋರಿಸಿದ್ದು ಇಂದಿಗೂ ಕಣ್ಣ ಮುಂದಿದೆ. ಆತ ಬದುಕಿದ. ಆದರೆ ಅವಳ ಕೈಯ ಊಟವನ್ನು ಬಹಳ ಕಾಲ ಮುಟ್ಟಲಿಲ್ಲ. ಗಾಂಜಾದ ಚಟಕ್ಕಂತೂ ಈ ಔಷಧ ಕೆಲಸವನ್ನೇ ಮಾಡುವುದಿಲ್ಲ.

ಎತ್ತಿಕೊಂಡು ಹೋಗುವ ಕೇಂದ್ರವೂ ಬೇಡ. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಮದ್ಯ ಮತ್ತು ಮಾದಕ ವಸ್ತುಗಳಿಂದಾಗುವ ಮಾನಸಿಕ ತೊಂದರೆಯೂ ಮಾನಸಿಕ ಕಾಯಿಲೆಯ ವ್ಯಾಪ್ತಿಗೆ ಬರುತ್ತದೆ. ಅಂಥವರನ್ನು ಒಳರೋಗಿಯಾಗಿಟ್ಟು ಚಿಕಿತ್ಸೆ ಕೊಡುವ ಸಂಸ್ಥೆ ನೋಂದಣಿ ಪಡೆದಿರಬೇಕು, ಸರಪಳಿ ಹಾಕುವಂತಿಲ್ಲ. ವಯಸ್ಕನನ್ನು ಅವನ ಒಪ್ಪಿಗೆಯಿಲ್ಲದೆ ದಾಖಲಿಸಬೇಕಾದರೆ, ಅವನಿಂದ ಅವನಿಗೇ ಅಥವಾ ಇತರರಿಗೆ ಅಪಾಯವಿದೆ, ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾರದ ಸ್ಥಿತಿಯಲ್ಲಿದ್ದಾನೆ ಎಂದು ಮನೋವೈದ್ಯರೂ ಮತ್ತೊಬ್ಬ ತಜ್ಞರೂ ಬೇರೆಬೇರೆಯಾಗಿ ಪರೀಕ್ಷಿಸಿ ಹೇಳಬೇಕು, ಆಗಲೂ ಮೊದಲ ಅವಧಿ 30 ದಿನ ಮೀರುವಂತಿಲ್ಲ. ಜೇಬಿನಲ್ಲಿ ಕಾಗದ ಸಿಕ್ಕಿತು ಎಂಬುದು ಇದಕ್ಕೆ ಕಾರಣವೇ ಆಗುವುದಿಲ್ಲ. ಆ ಕಾಗದದಲ್ಲಿ ಬರಿಯ ತಂಬಾಕು ಸುತ್ತಿಕೊಳ್ಳುವವರೂ ಇದ್ದಾರೆ. ಮುಂದೆಂದಾದರೂ ದಾಖಲಿಸುವ ಪ್ರಸಂಗ ಬಂದರೆ, ಅಲ್ಲಿ ಮನೋವೈದ್ಯರು ಯಾರು, ಎಷ್ಟು ಸಲ ಬರುತ್ತಾರೆ, ಮಗ ಮನೆಗೆ ಫೋನ್ ಮಾಡಬಹುದೇ, ನೀವು ಒಳಗೆ ಹೋಗಿ ನೋಡಬಹುದೇ ಎಂದು ಕೇಳಿ. ಈ ಪ್ರಶ್ನೆಗೆ ಮುಖ ಸಿಂಡರಿಸುವ ಜಾಗದಲ್ಲಿ ಮಗನನ್ನು ಬಿಡಬೇಡಿ.

ಕೆಲಸ ಬಿಡಿಸಿ ಕರೆತರುವ ಯಜಮಾನರ ಯೋಚನೆ ಪೂರ್ತಿ ಆಧಾರವಿಲ್ಲದ್ದಲ್ಲ. ವಿಯೆಟ್ನಾಂ ಯುದ್ಧದಿಂದ 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಲೀ ರಾಬಿನ್ಸ್ ಎಂಬ ಸಂಶೋಧಕಿ ಅಧ್ಯಯನ ಮಾಡಿದರು. ಅಲ್ಲಿ ಹೆರಾಯಿನ್‌ನಂಥವುಗಳ ವ್ಯಸನಕ್ಕೆ ಬಿದ್ದಿದ್ದವರಲ್ಲಿ ಊರಿಗೆ ಬಂದ ಮೊದಲ ವರ್ಷದಲ್ಲಿ ಮತ್ತೆ ವ್ಯಸನಿಗಳಾದವರು ಸುಮಾರು 5% ಮಾತ್ರ. ಜಾಗ ಬದಲಾದರೆ ಹಂಬಲದ ಗಂಟುಗಳು ಸಡಿಲವಾಗುತ್ತವೆ ಎಂಬುದಕ್ಕೆ ಇದು ದೊಡ್ಡ ಸಾಕ್ಷಿ. ಆದರೆ ಆ ಸೈನಿಕರು ಯುದ್ಧವನ್ನು ಬಿಟ್ಟು ಬಂದಿದ್ದರು, ನಿಮ್ಮ ಮಗ ಬಿಟ್ಟುಬರಬೇಕಾದದ್ದು ತಾನು ಕಷ್ಟಪಟ್ಟು ಗಳಿಸಿದ ಕೆಲಸವನ್ನು. ಕೆಲಸವಿಲ್ಲದೆ, ಊರವರ ಪ್ರಶ್ನೆಗಳಿಗೆ ಉತ್ತರಿಸುತ್ತಾ ಮನೆಯಲ್ಲಿ ಕೂತ ಹುಡುಗ ಬೇಸರಕ್ಕೇ ಸಂಜೆ ಬೈಕ್ ಹತ್ತಿ ಹೋಗುವುದನ್ನು ನಾನು ಕಂಡಿದ್ದೇನೆ. ಬಳಕೆ ಹೆಚ್ಚಾಗಿದೆ ಎಂದು ಅವನೇ ಒಪ್ಪಿಕೊಂಡರೆ ನಡುವಿನ ದಾರಿಗಳಿವೆ. ಕೆಲವು ವಾರ ರಜೆ ಹಾಕಬಹುದು, ಪಾಳಿ ಬದಲಿಸಿಕೊಳ್ಳಬಹುದು, ಪಿ.ಜಿ. ಬಿಟ್ಟು ನೆಂಟರ ಮನೆಯಲ್ಲಿರಬಹುದು. ಮದ್ದೂರು, ಮಂಡ್ಯದಿಂದ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುವವರು ಅಷ್ಟು ಮಂದಿ ಇದ್ದಾರಲ್ಲ, ಒಂದೆರಡು ತಿಂಗಳು ಅದೂ ಆಗಬಹುದು. ದಣಿವು ಹೆಚ್ಚು, ನಿದ್ದೆ ಕಡಿಮೆಯಾಗುವ ತೊಂದರೆಯೂ ಇದೆ, ಅದನ್ನು ತೂಗಿನೋಡಬೇಕು.

ಇಷ್ಟೆಲ್ಲಕ್ಕೂ ಮೊದಲು ಗೊತ್ತಾಗಬೇಕಾದದ್ದು ಅವನು ಏನನ್ನು, ಎಷ್ಟು, ಏಕೆ ಬಳಸುತ್ತಿದ್ದಾನೆ ಎಂಬುದು. ಬಳಸುತ್ತಿಲ್ಲದೆಯೂ ಇರಬಹುದು. ಔಷಧದಂಗಡಿಯ ಮೂತ್ರ ಪರೀಕ್ಷೆಯ ಕಿಟ್ ತಂದು ಮೋಸದಿಂದ ಪರೀಕ್ಷಿಸಬೇಡಿ. ನಿತ್ಯ ಗಾಂಜಾ ಸೇದುವವನಲ್ಲಿ ಬಿಟ್ಟು ಕೆಲವು ವಾರವಾದರೂ ಅದು ಕಾಣಿಸಿಕೊಳ್ಳಬಹುದು, ಬೇರೆ ಕೆಲವು ವಸ್ತುಗಳು ಎರಡು ಮೂರು ದಿನಕ್ಕೇ ಮಾಯವಾಗುತ್ತವೆ. ಆ ಕಿಟ್‌ನಲ್ಲಿ ಮೂಡುವ ಗೆರೆ ನಿಮ್ಮ ಪ್ರಶ್ನೆಗೆ ಉತ್ತರ ಹೇಳುವುದಿಲ್ಲ. ಉತ್ತರ ಹೇಳಬಲ್ಲವನು ಅವನೊಬ್ಬನೇ. ಆ ಸಿನಿಮಾ ಅದಕ್ಕೊಂದು ಬಾಗಿಲನ್ನು ತೆರೆದುಕೊಟ್ಟಿದೆ. "ಹಾಗೇನೂ ಇರಲ್ಲ" ಎಂದವನಿಗೆ ಹೇಗಿರುತ್ತದೆ ಎಂಬುದರ ಬಗ್ಗೆ ಏನೋ ಗೊತ್ತಿದೆ. ಅದು ಕಣ್ಣಾರೆ ಕಂಡದ್ದಿರಬಹುದು, ಅನುಭವವೂ ಇರಬಹುದು, ನಾನು ಮೇಲೆ ಹೇಳಿದಂತೆ ತನಗೆ ತಾನೇ ಹೇಳಿಕೊಂಡ ಸಮಾಧಾನವೂ ಇರಬಹುದು.

ಮುಂದಿನ ಸಲ ಬಂದಾಗ, ಯಜಮಾನರೂ ಮೈದುನರೂ ಎದುರಿಲ್ಲದ ಹೊತ್ತು ನೋಡಿ, ಅಡುಗೆಮನೆಯಲ್ಲಿ ಅವರೆಕಾಯಿ ಸುಲಿಯುತ್ತಲೋ ಬಟ್ಟೆ ಮಡಿಸುತ್ತಲೋ ಮಾತು ತೆಗೆಯಿರಿ. ಕೈಗೆ ಕೆಲಸವಿದ್ದು, ಮುಖಕ್ಕೆ ಮುಖ ಕೊಡದೆ ಪಕ್ಕದಲ್ಲಿ ಕೂತಾಗ ಗಂಡುಮಕ್ಕಳು ಹೆಚ್ಚು ಮಾತನಾಡುತ್ತಾರೆ. "ಅವತ್ತು ಸಿನಿಮಾ ನೋಡ್ತಾ ಹಂಗೇನೂ ಇರಲ್ಲ ಅಂದೆಯಲ್ಲ ಮಗ, ಮತ್ತೆ ಹೆಂಗಿರ್ತದೆ? ನಂಗೊತ್ತಿಲ್ಲ, ಹೇಳು" ಎಂದು ಕೇಳಿ, ಆಮೇಲೆ ಸುಮ್ಮನಿರಿ. ಆ ಮೌನವನ್ನು ತುಂಬಲು ಅವಸರಪಡಬೇಡಿ. ಕಾಗದ ಸಿಕ್ಕಿದ್ದನ್ನು ಬಚ್ಚಿಡುವುದೂ ಬೇಡ. "ಒಗೆಯೋವಾಗ ಸಿಕ್ತು, ಆವತ್ತಿಂದ ಭಯವಾಗ್ತಿದೆ" ಎಂದು ನಿಮ್ಮ ಭಯವನ್ನು ಭಯವೆಂದೇ ಹೇಳಿ, ಆರೋಪವಾಗಿಸಬೇಡಿ. ಅವನು ಸಿಡುಕಿ ಎದ್ದುಹೋದರೆ ಬೆನ್ನು ಹತ್ತಬೇಡಿ, ಒಂದು ವಾರ ಬಿಟ್ಟು ಮತ್ತೆ ಕೇಳಿ. ಬಳಸುತ್ತಿದ್ದೇನೆ ಎಂದರೆ, ಸೋಮವಾರದ ಬೆಳಗು ಹೇಗಿರುತ್ತದೆ ಎಂದು ಕೇಳಿ. ಕೆಲಸಕ್ಕೆ ತಡವಾಗುತ್ತಿದೆಯೇ, ಬಿಡಬೇಕೆಂದುಕೊಂಡು ಬಿಡಲಾಗದೆ ಹೋಯಿತೇ, ಒಬ್ಬನೇ ಇದ್ದಾಗಲೂ ಬೇಕೆನಿಸುತ್ತದೆಯೇ, ಸಾಲವಿದೆಯೇ: ರೋಗದ ಗುರುತು ಇರುವುದು ಇಂಥ ಸಣ್ಣ ಸಂಗತಿಗಳಲ್ಲಿ.

ಚಿಕಿತ್ಸೆಗೆ ಹೋದರೆ ಪೊಲೀಸರ ತೊಂದರೆಯಾದೀತೆಂದು ಎಷ್ಟೋ ಮನೆಯವರು ಬರುವುದೇ ಇಲ್ಲ. ಗಾಂಜಾ ಇಟ್ಟುಕೊಳ್ಳುವುದೂ ಸೇದುವುದೂ ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯಡಿ ಅಪರಾಧವೆಂಬುದು ನಿಜ. ಅದೇ ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಲುಕಿದ ವ್ಯಸನಿಯು ಸರ್ಕಾರಿ ಅಥವಾ ಸರ್ಕಾರದ ಮಾನ್ಯತೆಯಿರುವ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆ ಪಡೆದರೆ ಅವನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ನಮ್ಮ ಬಳಿ ಹೇಳಿದ್ದನ್ನು ಗೋಪ್ಯವಾಗಿಡುವುದು ನಮ್ಮ ಮೇಲಿನ ಕಾನೂನಿನ ಹೊಣೆ. ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಮಿಮ್ಸ್‌ನಲ್ಲೂ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೂ ಮನೋವೈದ್ಯಕೀಯ ವಿಭಾಗವಿದೆ. ಬೆಂಗಳೂರಿನಲ್ಲೇ ತೋರಿಸಿಕೊಳ್ಳುವುದು ಅವನಿಗೆ ಅನುಕೂಲವಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಮೊದಲು ಫೋನಿನಲ್ಲೇ ಮಾತನಾಡಬೇಕೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416, ವ್ಯಸನಮುಕ್ತಿ ಸಹಾಯವಾಣಿ 14446, ಎರಡೂ ಉಚಿತ.

ಮಗ ಬರಲು ಒಪ್ಪದಿದ್ದರೂ ನೀವೊಬ್ಬರೇ ಬರಬಹುದು. ಮನೆಯವರು ಮೊದಲು ಬಂದು, ಮಾತನಾಡುವ ಬಗೆಯನ್ನು ತಿಳಿದುಕೊಂಡು, ಕೆಲವು ತಿಂಗಳ ಮೇಲೆ ಮಗ ತಾನಾಗಿ ಬಂದ ಉದಾಹರಣೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಹೊರರೋಗಿ ಚೀಟಿಯನ್ನು ನಿಮ್ಮ ಹೆಸರಿನಲ್ಲೇ ಮಾಡಿಸಿ, ಎರಡು ವಾರದಿಂದ ನಿದ್ದೆಯಿಲ್ಲದಿರುವುದು ನಿಮಗೆ.